ನಮ್ಮಪ್ಪನ ‘ಸೆಡೂಲು’



ಪೋಸ್ಟ್ ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ವಾರ ರಾತ್ರಿ ಮಗಳ ಸ್ಕಾಲರ್‌ಶಿಪ್ ಅರ್ಜಿ ತುಂಬ್ತಾ ಕೂತಿದ್ದೆ. ಅವಳಿಗೆ ಈಗ ಎಂಟನೇ ಕ್ಲಾಸು. ಜಾತಿ ಕಾಲಂ ಹತ್ರ ಬಂದಾಗ ಪಕ್ಕದಲ್ಲೇ ಕೂತಿದ್ದವಳು ಕೇಳಿದಳು: “ಅಪ್ಪ, ಷೆಡ್ಯೂಲ್ ಅಂದ್ರೆ ಟೈಮ್ ಟೇಬಲ್ ಅಲ್ವಾ? ಮೊನ್ನೆ ನಮ್ಮ ಮಿಸ್ ಎಕ್ಸಾಂ ಷೆಡ್ಯೂಲ್ ಬರೆಸಿದ್ರು. ಹಂಗಾದ್ರೆ ಷೆಡ್ಯೂಲ್ಡ್ ಕ್ಯಾಸ್ಟ್ ಅಂದ್ರೆ ಏನು? ಟೈಮ್ ಟೇಬಲ್ ಜಾತೀನಾ?”

ಅಡುಗೆಮನೆಯಿಂದ ನನ್ನ ಹೆಂಡತಿ ನಕ್ಕಿದ್ದು ಕೇಳಿಸ್ತು. ನಾನೂ ನಕ್ಕೆ. ಆದ್ರೆ ಉತ್ತರ ಹೇಳೋಕೆ ಬರಲಿಲ್ಲ. ಇಪ್ಪತ್ತು ವರ್ಷದಿಂದ ಹೆಗಲಿಗೆ ನೀಲಿ ಶಾಲು ಹಾಕ್ಕೊಂಡು ಊರೂರು ತಿರುಗಿದೀನಿ, ಮೈಕ್ ಹಿಡಿದು ಮಾತಾಡಿದೀನಿ. ನನ್ನ ಸರ್ಟಿಫಿಕೇಟ್ ಮೇಲಿರೋ ಪದದ ಅರ್ಥ ಮಾತ್ರ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಅವತ್ತಿಂದ ಹುಡುಕ್ತಾ ಇದೀನಿ. ಸಿಕ್ಕಿದ್ದನ್ನು ಇಲ್ಲಿ ಬರೀತಾ ಇದೀನಿ.

ಮೊದಲು ಈ ಪದ ನಮಗೆ ದಿನಾ ಎಲ್ಲೆಲ್ಲಿ ಸಿಗುತ್ತೆ ಅಂತ ನೋಡಿ. ಬೆಳಿಗ್ಗೆ ಬನಶಂಕರಿ ಬಸ್ ಸ್ಟಾಂಡಿನಲ್ಲಿ ಬಸ್ ಯಾಕೆ ಬಂದಿಲ್ಲ ಅಂತ ಕೇಳಿದ್ರೆ “ಆ ಷೆಡ್ಯೂಲ್ ಇವತ್ತು ಬರಲ್ಲ” ಅಂತಾರೆ. ಅಲ್ಲಿ ಷೆಡ್ಯೂಲ್ ಅಂದ್ರೆ ಒಂದು ಬಸ್ಸು ದಿನಕ್ಕೆ ಎಲ್ಲಿಂದ ಎಲ್ಲಿಗೆ ಎಷ್ಟು ಗಂಟೆಗೆ ಓಡಬೇಕು ಅನ್ನೋ ಲೆಕ್ಕ. ಮೆಡಿಕಲ್ ಸ್ಟೋರಿನಲ್ಲಿ ಮಾತ್ರೆ ತಗೊಂಡ್ರೆ ಅದರ ಹಿಂದೆ ಕೆಂಪಕ್ಷರದಲ್ಲಿ ‘ಷೆಡ್ಯೂಲ್ ಎಚ್’ ಅಂತ ಇರುತ್ತೆ. ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿ ಅದು. ಬ್ಯಾಂಕಿಗೆ ಹೋದ್ರೆ ‘ಷೆಡ್ಯೂಲ್ಡ್ ಬ್ಯಾಂಕ್’. ಗುತ್ತಿಗೆದಾರರನ್ನ ಕೇಳಿ, ಪಿಡಬ್ಲ್ಯುಡಿಯ ‘ಷೆಡ್ಯೂಲ್ ಆಫ್ ರೇಟ್ಸ್’ ಬಗ್ಗೆ ಹೇಳ್ತಾರೆ. ತುಳುನಾಡಿನ ಗೆಳೆಯರು ತಮ್ಮ ಭಾಷೆಯನ್ನ ಸಂವಿಧಾನದ ಎಂಟನೇ ಷೆಡ್ಯೂಲಿಗೆ ಸೇರಿಸಿ ಅಂತ ಹೋರಾಡ್ತಾ ಇದ್ದಾರೆ.

ಇನ್ನು ನಾನು. ಜಯನಗರದ ಒಬ್ಬ ವಕೀಲರ ಆಫೀಸಿನಲ್ಲಿ ಗುಮಾಸ್ತ. ಹದಿನೆಂಟು ವರ್ಷದಿಂದ ಕ್ರಯಪತ್ರ, ದಾನಪತ್ರ, ಭೋಗ್ಯಪತ್ರ ಟೈಪ್ ಮಾಡ್ತಾ ಇದೀನಿ. ಪ್ರತಿ ಪತ್ರದ ಕೊನೇಲೂ ಒಂದು ಭಾಗ ಇರುತ್ತೆ: ‘ಷೆಡ್ಯೂಲ್ ಸ್ವತ್ತಿನ ವಿವರ’. ಸೈಟ್ ನಂಬರು, ಉದ್ದ ಅಗಲ, ಆಮೇಲೆ ಚಕ್ಕುಬಂದಿ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥ ನಂಬರಿನ ಸೈಟು, ಉತ್ತರಕ್ಕೆ, ದಕ್ಷಿಣಕ್ಕೆ. ಮುಂದಿನ ಪುಟಗಳಲ್ಲಿ ಎಷ್ಟು ಚೆಂದ ಬರೆದಿದ್ರೂ ಷೆಡ್ಯೂಲಿನಲ್ಲಿ ಒಂದಡಿ ತಪ್ಪಾದ್ರೆ ತಲೆಮಾರುಗಟ್ಟಲೆ ಕೋರ್ಟು ಅಲೀಬೇಕು. ನಮ್ಮ ವಕೀಲರು ಯಾವಾಗ್ಲೂ ಅದನ್ನೇ ಹೇಳೋದು, “ಮೊದಲು ಷೆಡ್ಯೂಲ್ ನೋಡಪ್ಪ.”

ಅಂದ್ರೆ ದಿನಕ್ಕೆ ಹತ್ತು ಸಲ ನಾನು ಟೈಪ್ ಮಾಡೋ ಪದವೂ ಅದೇ, ನನ್ನ ಜಾತಿ ಸರ್ಟಿಫಿಕೇಟಿನ ಪದವೂ ಅದೇ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ ಅಷ್ಟೇ.

ಈಗ ಮೂಲಕ್ಕೆ ಬರೋಣ. ಈ ಪದ ಇಂಗ್ಲಿಷರದ್ದೂ ಅಲ್ಲ. ಹಿಂದೆ ಈಜಿಪ್ಟಿನಲ್ಲಿ ಪಪೈರಸ್ ಅನ್ನೋ ಜೊಂಡಿನ ತಿರುಳನ್ನ ಸೀಳಿ, ಆ ಪಟ್ಟಿಗಳನ್ನ ಜೋಡಿಸಿ ಬರೆಯೋ ಹಾಳೆ ಮಾಡ್ತಿದ್ರು. ಗ್ರೀಕ್ ಭಾಷೆಯಲ್ಲಿ ಸೀಳೋದಕ್ಕೆ ಒಂದು ಧಾತು ಇದೆ, ಲ್ಯಾಟಿನ್‌ನಲ್ಲಿ ಅದೇ ಬಳಗದಿಂದ ‘ಸ್ಕೆಡಾ’, ಅಂದ್ರೆ ಪಪೈರಸ್ ಪಟ್ಟಿ. ಚಿಕ್ಕ ಪಟ್ಟಿ ಆದ್ರೆ ‘ಸ್ಕೆಡುಲಾ’. ಚೀಟಿ ಅನ್ನಿ. ಅದು ಫ್ರೆಂಚ್ ಬಾಯಲ್ಲಿ ‘ಸೆಡ್ಯೂಲ್’ ಆಯ್ತು, ಅಲ್ಲಿಂದ ಇಂಗ್ಲಿಷಿಗೆ ಬಂತು. ಮೊದಲಿಗೆ ಇಂಗ್ಲಿಷಿನಲ್ಲೂ ಬರೀ ಚೀಟಿ ಅಂತಲೇ ಅರ್ಥ. ದೊಡ್ಡ ಪತ್ರದ ಜೊತೆ ಪೋಣಿಸೋ ಸಣ್ಣ ಚೀಟಿ. ಪತ್ರದಲ್ಲಿ ಹಿಡಿಸದ ವಿವರ, ಪಟ್ಟಿ, ಲೆಕ್ಕ ಅದರಲ್ಲಿ ಬರೀತಿದ್ರು. ಹಂಗೇ ಕಾನೂನಿಗೆ ಅಂಟಿಸೋ ಪಟ್ಟಿಗೂ ಅದೇ ಹೆಸರು ಬಂತು. 1803ರಲ್ಲಿ ಬ್ರಿಟನ್ನಿನ ಆದಾಯ ತೆರಿಗೆ ಕಾಯ್ದೆ ಆದಾಯವನ್ನ ಎ, ಬಿ, ಸಿ, ಡಿ, ಇ ಅಂತ ಐದು ಷೆಡ್ಯೂಲ್ ಮಾಡಿತ್ತು. ಟೈಮ್ ಟೇಬಲ್ ಅನ್ನೋ ಅರ್ಥ ಬಂದಿದ್ದು ಎಲ್ಲಕ್ಕಿಂತ ಆಮೇಲೆ, 19ನೇ ಶತಮಾನದಲ್ಲಿ, ಅಮೆರಿಕದ ರೈಲುಗಳ ಕಾಲದಲ್ಲಿ. ಅಂದ್ರೆ ಮಗಳಿಗೆ ಗೊತ್ತಿರೋದು ಹೊಸ ಅರ್ಥ. ನಮ್ಮ ಮೇಲಿರೋದು ಹಳೇ ಅರ್ಥ.

ಇಲ್ಲಿ ಒಂದು ವಿಷಯ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ.

ಈಗ ಬಿಟಿಎಂ ಲೇಔಟಿನ ಪಿಜಿಗಳಲ್ಲಿರೋ ಐಟಿ ಹುಡುಗರು ಅಮೆರಿಕದವರ ಥರ ‘ಸ್ಕೆಜುಲ್’ ಅಂತಾರೆ. ಕಾನ್ವೆಂಟಿನಲ್ಲಿ ಓದಿದ ಹಿಂದಿನವರು ಬ್ರಿಟಿಷರ ಥರ ‘ಷೆಡ್ಯೂಲ್’ ಅಂತಾರೆ. ಆದ್ರೆ ಇವೆರಡೂ ಮೊದಲಿನ ಉಚ್ಚಾರಣೆ ಅಲ್ಲ. ಇಂಗ್ಲಿಷಿನಲ್ಲಿ ಹಿಂದೆ ಈ ಪದವನ್ನ ‘ಸ’ಕಾರದಲ್ಲೇ ಹೇಳ್ತಿದ್ರು, ಬರೀತಿದ್ದದ್ದೂ ಹಾಗೇ. ಆಮೇಲೆ ವಿದ್ವಾಂಸರು ಲ್ಯಾಟಿನ್ ನೋಡಿ ಕಾಗುಣಿತ ತಿದ್ದಿದ್ರು, ಕಾಗುಣಿತ ನೋಡಿ ಜನ ಉಚ್ಚಾರಣೆ ಬದಲಾಯಿಸಿದ್ರು.

ನಮ್ಮಪ್ಪ ‘ಸೆಡೂಲು’ ಅಂತಿದ್ದ.

ಅಪ್ಪ ಕನಕಪುರದ ಕಡೆಯವನು. ಜೆಪಿ ನಗರದಲ್ಲಿ ಮನೆಗಳು ಏಳ್ತಿದ್ದ ಕಾಲಕ್ಕೆ ಗಾರೆ ಕೆಲಸಕ್ಕೆ ಬಂದು ಇಲ್ಲೇ ನಿಂತ. ಸಹಿ ಮಾಡೋಕೆ ಬರ್ತಿರಲಿಲ್ಲ. ನಾನು ಪಿಯುಸಿ ಸೇರುವಾಗ ಜಾತಿ ಸರ್ಟಿಫಿಕೇಟಿಗೆ ಅಂತ ಒಂದು ಸರ್ಕಾರಿ ಆಫೀಸಿಗೆ ಹೋಗಿದ್ವಿ. ಒಂದಿನದ ಕೂಲಿ ಬಿಟ್ಟು ಬಂದಿದ್ದ. ಕೌಂಟರಿನಲ್ಲಿದ್ದವರು ಯಾವ ಜಾತಿ ಅಂದ್ರು. ಅಪ್ಪ ಕೈ ಕಟ್ಟಿಕೊಂಡು, “ಸೆಡೂಲ್ ಕ್ಯಾಸ್ಟು ಬುದ್ಧಿ” ಅಂದ. ಅವರು ಪಕ್ಕದವರ ಕಡೆ ತಿರುಗಿ, “ನೋಡ್ರೀ, ಸೆಡೂಲಂತೆ. ಹೆಸರು ಹೇಳೋಕೆ ಬರಲ್ಲ, ಸೌಲಭ್ಯ ಮಾತ್ರ ಬೇಕು” ಅಂದ್ರು. ಇಬ್ಬರೂ ನಕ್ಕರು. ಅಪ್ಪನೂ ನಕ್ಕ. ಆ ನಗು ನಿಮಗೆ ಗೊತ್ತು, ನಮ್ಮ ಹಿರೀಕರೆಲ್ಲ ಕೌಂಟರಿನ ಮುಂದೆ ನಕ್ಕಿರೋ ನಗು. ನನಗೆ ಹದಿನಾರು ವರ್ಷ. ನಾಚಿಕೆ ಆಯ್ತು. ಅವರ ಮೇಲಲ್ಲ, ಅಪ್ಪನ ಮೇಲೆ. ಹೊರಗೆ ಬಂದ ಮೇಲೆ “ಷೆಡ್ಯೂಲ್ ಅನ್ನಬೇಕು” ಅಂತ ಅಪ್ಪನ ಮೇಲೇ ರೇಗಿದೆ.

ಅಪ್ಪ ಹೋಗಿ ಒಂಬತ್ತು ವರ್ಷ ಆಯ್ತು. ಅವನು ಹೇಳಿದ್ದೇ ಆ ಪದದ ಹಳೇ ಉಚ್ಚಾರಣೆಗೆ ಹತ್ತಿರ ಅಂತ ಈಗ ಓದ್ತಾ ಇದೀನಿ. ಅವನು ಇಂಗ್ಲಿಷ್ ಕಲಿತು ಹೇಳಿದ್ದಲ್ಲ, ನಮ್ಮ ಕಡೆ ಬಾಯಿಗೆ ‘ಷ’ ಬರಲ್ಲ ಅಷ್ಟೇ. ಆದ್ರೂ ಆವತ್ತು ನಕ್ಕವರಿಗೆ ಇದನ್ನ ತೋರಿಸಬೇಕಿತ್ತು ಅನ್ನಿಸುತ್ತೆ. ಅವರಿಗಿಂತ ಮೊದಲು ನನಗೆ ನಾನೇ ತೋರಿಸ್ಕೋಬೇಕಿತ್ತು.

ಸರಿ, ಈ ಚೀಟಿ ನಮ್ಮ ಹೆಸರಿಗೆ ಅಂಟಿಕೊಂಡಿದ್ದು ಯಾವಾಗ?

1935ರವರೆಗೆ ಸರ್ಕಾರಿ ಕಾಗದದಲ್ಲಿ ನಾವು ‘ಡಿಪ್ರೆಸ್ಡ್ ಕ್ಲಾಸಸ್’. ತುಳಿತಕ್ಕೊಳಗಾದ ವರ್ಗ ಅಂತ. ಈ ಹೆಸರು ಬಾಬಾಸಾಹೇಬರಿಗೆ ಹಿಡಿಸಿರಲಿಲ್ಲ. 1931ರಲ್ಲಿ ಲಂಡನ್ನಿನ ಎರಡನೇ ದುಂಡುಮೇಜಿನ ಪರಿಷತ್ತಿನ ಹೊತ್ತಿಗೆ ಅವರೂ ರೆಟ್ಟಮಲೈ ಶ್ರೀನಿವಾಸನ್ ಅವರೂ ಸೇರಿ ಹೆಸರು ಬದಲಾಯಿಸಿ ಅಂತಲೇ ಬರೆದುಕೊಟ್ಟಿದ್ರು. ಅದೇ ವರ್ಷದ ಜನಗಣತಿಯ ಕಮಿಷನರ್ ಹಟ್ಟನ್ ‘ಎಕ್ಸ್‌ಟೀರಿಯರ್ ಕಾಸ್ಟ್ಸ್’ ಅಂದ. ಹೊರಗಿನ ಜಾತಿಗಳು. ಊರ ಹೊರಗಿನ ಕೇರಿ ನೋಡಿ ಇಟ್ಟ ಹೆಸರಿನ ಹಾಗೇ ಇದೆ.

1932ರಲ್ಲಿ ಮತದಾನದ ಹಕ್ಕಿನ ಬಗ್ಗೆ ಲೋಥಿಯನ್ ಸಮಿತಿ ದೇಶ ಸುತ್ತಿತು. ಅಸ್ಪೃಶ್ಯರು ಎಷ್ಟು ಜನ ಅಂತ ಕೇಳಿತು. ಆಗ ಒಂದು ತಮಾಷೆ ನಡೀತು. ಅಲ್ಲಿವರೆಗೂ ನಮ್ಮ ನೆರಳು ಬಿದ್ರೆ ಮೈಲಿಗೆ ಅಂತಿದ್ದವರು, ಉತ್ತರದ ಕೆಲವು ಪ್ರಾಂತ್ಯಗಳಲ್ಲಿ, ನಮ್ಮಲ್ಲಿ ಅಸ್ಪೃಶ್ಯರೇ ಇಲ್ಲ, ಇದ್ರೂ ಸ್ವಲ್ಪ ಜನ ಅಂತ ಸಾಕ್ಷಿ ಹೇಳೋಕೆ ಶುರು ಮಾಡಿದ್ರು. ಯಾಕೆ? ತಲೆ ಎಣಿಸಿದ್ರೆ ಸೀಟು ಕೊಡಬೇಕಾಗುತ್ತೆ. ಬಾವಿ ಹತ್ರ ಕಾಣಿಸ್ತಿದ್ದ ಅಸ್ಪೃಶ್ಯ ಎಣಿಕೆಗೆ ಬಂದಾಗ ಮಾಯ. ಅಂಬೇಡ್ಕರ್ ಆ ಸಮಿತಿಯ ಸದಸ್ಯರಾಗಿದ್ರು, ಇದನ್ನ ಕಣ್ಣಾರೆ ಕಂಡು ಮುಂದೆ ಬರೆದಿಟ್ಟಿದ್ದಾರೆ.

ಅದೇ ವರ್ಷ ಆಗಸ್ಟಿನಲ್ಲಿ ಕೋಮು ತೀರ್ಪು, ನಮಗೆ ಪ್ರತ್ಯೇಕ ಮತಕ್ಷೇತ್ರ. ಆಮೇಲೆ ಯರವಡಾ ಜೈಲಿನಲ್ಲಿ ಗಾಂಧಿಯವರ ಉಪವಾಸ. ಸೆಪ್ಟೆಂಬರ್ 24ಕ್ಕೆ ಪೂನಾ ಒಪ್ಪಂದ. ಪ್ರತ್ಯೇಕ ಮತಕ್ಷೇತ್ರ ಹೋಯ್ತು, ಪ್ರಾಂತೀಯ ಶಾಸನಸಭೆಗಳಲ್ಲಿ 148 ಮೀಸಲು ಸ್ಥಾನ ಬಂತು. ಸ್ಥಾನ ಕೊಟ್ಟ ಮೇಲೆ ಯಾರಿಗೆ ಅನ್ನೋದು ಖಚಿತ ಆಗಬೇಕಲ್ಲ? ಅದಕ್ಕೇ ಪಟ್ಟಿ ಬೇಕಾಯ್ತು. 1935ರ ಭಾರತ ಸರ್ಕಾರ ಕಾಯ್ದೆ ಮೊದಲ ಸಲ ‘ಷೆಡ್ಯೂಲ್ಡ್ ಕಾಸ್ಟ್ಸ್’ ಅಂತು. 1936ರಲ್ಲಿ ಬ್ರಿಟಿಷ್ ಪ್ರಾಂತ್ಯಗಳ ಜಾತಿ ಪಟ್ಟಿಯ ಆದೇಶ ಬಂತು. ಸ್ವಾತಂತ್ರ್ಯ ಬಂದ ಮೇಲೆ ಸಂವಿಧಾನದ 341ನೇ ವಿಧಿ, ಅದರ ಕೆಳಗೆ 1950ರ ರಾಷ್ಟ್ರಪತಿ ಆದೇಶ.

ತುಂಬಾ ಜನ ತಪ್ಪು ತಿಳ್ಕೊಂಡಿದ್ದಾರೆ, ನಾನೂ ತಿಳ್ಕೊಂಡಿದ್ದೆ. ಸಂವಿಧಾನದಲ್ಲಿ ಈಗ ಹನ್ನೆರಡು ಷೆಡ್ಯೂಲ್ ಇವೆ, ಅದರಲ್ಲಿ ಒಂದರಲ್ಲಿ ನಮ್ಮ ಜಾತಿ ಪಟ್ಟಿ ಇದೆ ಅಂತ. ಇಲ್ಲ. ನಮ್ಮ ಪಟ್ಟಿ ಇರೋದು ಆ 1950ರ ಆದೇಶಕ್ಕೆ ಅಂಟಿಸಿದ ಷೆಡ್ಯೂಲಿನಲ್ಲಿ. ಆ ಪಟ್ಟಿಗೆ ಒಂದು ಹೆಸರು ಸೇರಿಸೋಕಾಗಲಿ ತೆಗೆಯೋಕಾಗಲಿ ರಾಜ್ಯ ಸರ್ಕಾರಕ್ಕೆ ಅಧಿಕಾರ ಇಲ್ಲ, ಸಂಸತ್ತೇ ಕಾನೂನು ಮಾಡಬೇಕು. ವೇದಿಕೆ ಮೇಲೆ ನಿಂತು “ನಾವು ಬಂದ್ರೆ ನಿಮ್ಮನ್ನ ಎಸ್‌ಸಿಗೆ ಸೇರಿಸ್ತೀವಿ” ಅನ್ನೋ ನಾಯಕರಿಗೆ ಇದನ್ನ ನೆನಪಿಸಿ.

ಈಗ ಬ್ಯಾಂಕಿನ ವಿಷಯ. ರಿಸರ್ವ್ ಬ್ಯಾಂಕ್ ಕಾಯ್ದೆ ಆಗಿದ್ದು 1934ರಲ್ಲಿ. ಅದರ ಎರಡನೇ ಷೆಡ್ಯೂಲಿನಲ್ಲಿ ಹೆಸರಿರೋ ಬ್ಯಾಂಕುಗಳೇ ಷೆಡ್ಯೂಲ್ಡ್ ಬ್ಯಾಂಕ್. ಮರುವರ್ಷವೇ ಷೆಡ್ಯೂಲ್ಡ್ ಕಾಸ್ಟ್. ಅದೇ ಕಾಲ, ಅದೇ ಕಾನೂನಿನ ಭಾಷೆ, ಅದೇ ಪದ. ಬ್ಯಾಂಕಿನವರು ‘ಷೆಡ್ಯೂಲ್ಡ್ ಬ್ಯಾಂಕ್’ ಅಂತ ಬೋರ್ಡು ಹಾಕ್ಕೋತಾರೆ. ಅದು ನಂಬಿಕೆಯ ಗುರುತು. ರಿಸರ್ವ್ ಬ್ಯಾಂಕಿನ ಸಾಲದ ಅನುಕೂಲ ಸಿಗುತ್ತೆ. “ಅಯ್ಯೋ ಪಾಪ, ಷೆಡ್ಯೂಲ್ಡ್ ಬ್ಯಾಂಕಂತೆ, ಮೆರಿಟ್ ಇಲ್ಲ” ಅಂತ ಯಾರಾದ್ರೂ ಹೇಳಿದ್ದು ಕೇಳಿದೀರಾ? ನಮ್ಮ ಹುಡುಗ ಮಾತ್ರ ಹಾಸ್ಟೆಲಿನಲ್ಲಿ, ಆಫೀಸಿನಲ್ಲಿ, ಬಾಡಿಗೆ ಮನೆ ಹುಡುಕುವಾಗ ಆ ಎರಡಕ್ಷರ ಮುಚ್ಚಿಡ್ತಾನೆ. ಪದದಲ್ಲಿ ಕೊಳೆ ಇಲ್ಲ ಬಂಧುಗಳೇ. ಕೊಳೆ ಇರೋದು ನೋಡೋರ ಕಣ್ಣಿನಲ್ಲಿ.

ಆ ಪಟ್ಟಿಯನ್ನ ಒಂದು ಸಲ ತೆಗೆದು ನೋಡಿ. 1950ರಲ್ಲಿ ಹಳೇ ಮೈಸೂರು ರಾಜ್ಯಕ್ಕೆ ಇದ್ದದ್ದು ಬೆರಳೆಣಿಕೆಯ ಹೆಸರು: ಆದಿ ದ್ರಾವಿಡ, ಆದಿ ಕರ್ನಾಟಕ, ಬಂಜಾರ ಅಥವಾ ಲಂಬಾಣಿ, ಭೋವಿ, ಕೊರಚ, ಕೊರಮ. ಕರ್ನಾಟಕ ಒಂದಾಗಿ, 1976ರ ತಿದ್ದುಪಡಿಯೂ ಆಗಿ, ಇವತ್ತು 101 ಇವೆ. ಅವು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿವೆ. ಮನುವಿನ ಕ್ರಮದಲ್ಲಿ ಅಲ್ಲ, ಎಬಿಸಿಡಿ ಕ್ರಮದಲ್ಲಿ. ಈ ದೇಶದಲ್ಲಿ ಜಾತಿಗಳ ಹೆಸರನ್ನ ಮೇಲು ಕೀಳು ಇಲ್ಲದೆ ಒಂದರ ಕೆಳಗೊಂದು ಬರೆದ ಕಾಗದ ಎಷ್ಟಿವೆ ಹೇಳಿ?

ಹಾಗಂತ ಪಟ್ಟಿ ಪೂರ್ತಿ ಸರಿ ಇದೆ ಅಂತಲ್ಲ. ಆದಿ ಕರ್ನಾಟಕ, ಆದಿ ದ್ರಾವಿಡ ಅನ್ನೋ ಹೆಸರುಗಳ ಒಳಗೆ ಹೊಲೆಯರೂ ಇದ್ದಾರೆ, ಮಾದಿಗರೂ ಇದ್ದಾರೆ. ಯಾರಿಗೆ ಎಷ್ಟು ಸಿಕ್ತು ಅನ್ನೋ ಲೆಕ್ಕ ದಶಕಗಟ್ಟಲೆ ಅದರಡಿ ಮುಚ್ಚಿಹೋಯ್ತು. 2025ರಲ್ಲಿ ನಾಗಮೋಹನ್ ದಾಸ್ ಆಯೋಗದ ಸಮೀಕ್ಷೆಯವರು ಮನೆಮನೆಗೆ ಬಂದು ಮೂಲ ಜಾತಿ ಕೇಳಿದ್ದು ಅದಕ್ಕೇ. ಆಗ ನಮ್ಮ ಏರಿಯಾದಲ್ಲಿ ಎಷ್ಟೋ ಮನೆಯವರು ಅಕ್ಕಪಕ್ಕ ಗೊತ್ತಾಗುತ್ತೆ ಅಂತ ಬಾಗಿಲು ಅರ್ಧ ಮುಚ್ಚಿ ಪಿಸುಮಾತಿನಲ್ಲಿ ಹೇಳಿದ್ದನ್ನ ನಾನೇ ನೋಡಿದೀನಿ. ಇನ್ನೊಂದು ಕಡೆ, 1950ರ ಆದೇಶ ಧರ್ಮದ ಷರತ್ತು ಹಾಕಿದೆ. ಸಿಖ್ಖರನ್ನ 1956ರಲ್ಲಿ, ಬೌದ್ಧರನ್ನ 1990ರಲ್ಲಿ ಸೇರಿಸಿದ್ರು. ಕ್ರೈಸ್ತರಾದ ನಮ್ಮವರು ಇವತ್ತಿಗೂ ಹೊರಗೇ ಇದ್ದಾರೆ. ಶಿಲುಬೆ ಹಾಕ್ಕೊಂಡ ಮಾತ್ರಕ್ಕೆ ಊರಿನವರು ಅವರನ್ನ ಮನೆಯೊಳಗೆ ಕರೆದ್ರಾ?

ಇನ್ನು ಕನ್ನಡದಲ್ಲಿ ನಮಗೆ ಕೊಟ್ಟ ಹೆಸರು: ಪರಿಶಿಷ್ಟ. ಇದರ ಅರ್ಥ ಎಷ್ಟು ಜನಕ್ಕೆ ಗೊತ್ತು? ಹಳೇ ಪುಸ್ತಕದ ಕೊನೇಲಿ ‘ಪರಿಶಿಷ್ಟ’ ಅಂತ ಒಂದು ಭಾಗ ಇರುತ್ತೆ, ಅನುಬಂಧ ಅಂತಾರಲ್ಲ ಅದು. ಪಟ್ಟಿಯನ್ನ ಕಾನೂನಿನ ಕೊನೇಲಿ ಅಂಟಿಸಿದ್ರಿಂದ ಆ ಪದ ಬಂತು, ಅದು ಸರಿ. ಆದ್ರೆ ಸಂಸ್ಕೃತದಲ್ಲಿ ಅದರ ಮೂಲಾರ್ಥ ‘ಉಳಿದದ್ದು’. ಶೇಷ, ಅವಶೇಷ ಎಲ್ಲ ಅದೇ ಧಾತು. ಉಂಡು ಬಿಟ್ಟ ಎಂಜಲಿಗೆ ‘ಉಚ್ಛಿಷ್ಟ’ ಅಂತಾರಲ್ಲ, ಅದೂ ಅದೇ ಧಾತು. ತಲೆಮಾರುಗಟ್ಟಲೆ ಹಿತ್ತಿಲ ಬಾಗಿಲಲ್ಲಿ ಮಿಕ್ಕಿದ್ದನ್ನ ಉಣ್ಣಿಸಿದ ಜನಕ್ಕೆ ‘ಮಿಕ್ಕಿದ್ದು’ ಅನ್ನೋ ಪದ! ಅನುವಾದ ಮಾಡಿದವರು ಬೇಕು ಅಂತ ಮಾಡಿರಲಿಕ್ಕಿಲ್ಲ. ‘ವಿಶಿಷ್ಟ’ವೂ ಅದೇ ಧಾತುವಿನದ್ದೇ. ಆದ್ರೂ ಹಿಂದಿಯವರ ‘ಅನುಸೂಚಿತ’ ಇದಕ್ಕಿಂತ ವಾಸಿ, ಪಟ್ಟಿ ಮಾಡಿದ್ದು ಅಂತ ನೇರವಾಗಿ ಹೇಳುತ್ತೆ. ನಮ್ಮ ಕೆಲವು ಕಾನೂನು ಪುಸ್ತಕಗಳಲ್ಲೂ ‘ಅನುಸೂಚಿತ ಜಾತಿ’ ಅಂತಲೇ ಇದೆ. ಬಳಕೆಗೆ ಬಂದಿಲ್ಲ.

ಇನ್ನೊಂದು ಸ್ವಾರಸ್ಯ. ಎಂಟನೇ ಷೆಡ್ಯೂಲಿಗೆ ಪೇಪರಿನವರು ‘ಎಂಟನೇ ಪರಿಚ್ಛೇದ’ ಅಂತ ಬರೀತಾರಲ್ಲ, ಆ ‘ಛೇದ’ ಅಂದ್ರೆ ಸೀಳೋದು, ಕತ್ತರಿಸೋದು. ಗ್ರೀಕ್‌ನ ಆ ಸೀಳೋ ಧಾತುವೂ ಸಂಸ್ಕೃತದ ಛಿದ್ ಧಾತುವೂ ಒಂದೇ ಬೇರಿನವು ಅಂತ ಭಾಷಾಶಾಸ್ತ್ರದವರು ಹೇಳ್ತಾರೆ. ಈಗ ನಾವೇ ಆರಿಸ್ಕೊಂಡ ನಮ್ಮ ಹೆಸರನ್ನ ನೋಡಿ. ದಲಿತ. ‘ದಲ್’ ಅಂದ್ರೂ ಸೀಳು, ಒಡೆ. ಬೇಳೆಗೆ ಉತ್ತರದವರು ದಾಲ್ ಅನ್ನೋದು ಕಾಳನ್ನ ಒಡೆದು ಮಾಡಿದ್ದು ಅಂತಲೇ. ಕಾನೂನು ಕೊಟ್ಟ ಹೆಸರಿನಲ್ಲೂ ಸೀಳು, ಚಳವಳಿ ಕೊಟ್ಟ ಹೆಸರಿನಲ್ಲೂ ಸೀಳು. ವ್ಯತ್ಯಾಸ ಏನಂದ್ರೆ ಮೊದಲನೆಯದು ಬರೀ ಕಾಗದದ ಪಟ್ಟಿ. ಯಾರು ಸೀಳಿದ್ರು ಅಂತ ಅದು ಕೇಳಲ್ಲ. ‘ದಲಿತ’ ಕೇಳುತ್ತೆ. 1970ರ ದಶಕದಲ್ಲಿ ಪ್ರೊ. ಬಿ. ಕೃಷ್ಣಪ್ಪನವರು ಮತ್ತು ಸಂಗಾತಿಗಳು ದಲಿತ ಸಂಘರ್ಷ ಸಮಿತಿ ಕಟ್ಟಿದಾಗ ಹರಿಜನ ಅನ್ನೋದನ್ನ ಬಿಟ್ಟು ಈ ಪದ ಹಿಡಿದಿದ್ದು ಸುಮ್ಮನೆ ಅಲ್ಲ. 2018ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಟಿವಿ ಚಾನೆಲ್‌ಗಳಿಗೆ ‘ದಲಿತ’ ಬೇಡ, ‘ಷೆಡ್ಯೂಲ್ಡ್ ಕಾಸ್ಟ್’ ಅನ್ನಿ ಅಂತ ಸಲಹೆ ಕೊಟ್ಟಿತು. ಯಾಕೆ ಅಂತ ಈಗ ನನಗೆ ಇನ್ನೂ ಚೆನ್ನಾಗಿ ಅರ್ಥ ಆಗ್ತಾ ಇದೆ. ಅರ್ಜಿಗೆ ಅದಿರಲಿ, ಬೀದಿಗೆ ಇದಿರಲಿ. ನಮಗೆ ಎರಡೂ ಬೇಕು.

ಕೊನೆಗೆ ನನ್ನ ಟೇಬಲ್ಲಿಗೆ ಬರ್ತೀನಿ. ಜಯನಗರದ ಯೋಜನೆ ಶುರುವಾಗಿದ್ದು 1948ರಲ್ಲಿ. ಆಮೇಲೆ ಬನಶಂಕರಿ, ಜೆಪಿ ನಗರ, ಬಿಟಿಎಂ. ಬಿಟಿಎಂ ಅಂದ್ರೆ ಬೈರಸಂದ್ರ, ತಾವರೆಕೆರೆ, ಮಡಿವಾಳ, ಮೂರು ಊರು. ಲೇಔಟ್ ಎದ್ದ ಜಾಗದಲ್ಲೆಲ್ಲ ಊರುಗಳಿದ್ವು, ಊರು ಅಂದ ಮೇಲೆ ಕೇರಿ ಇತ್ತು. ಹಳೇ ಪತ್ರಗಳ ನಕಲು ನೋಡುವಾಗ ಚಕ್ಕುಬಂದಿಯಲ್ಲಿ ‘ಪೂರ್ವಕ್ಕೆ ತೋಟಿ ಇನಾಂತಿ ಜಮೀನು’ ಅಂತ ಸಿಕ್ಕಿದ್ದಿದೆ. ಮುಂದಿನ ಪತ್ರಕ್ಕೆ ಬರುವಾಗ ಅದು ಸರ್ವೆ ನಂಬರ್ ಆಗಿರುತ್ತೆ. ಅದರ ಮುಂದಿನದ್ದರಲ್ಲಿ ‘ಪೂರ್ವಕ್ಕೆ ರಸ್ತೆ’. ಮೂರು ಷೆಡ್ಯೂಲಿನಲ್ಲಿ ಒಂದು ಕುಟುಂಬ ಅಳಿಸಿಹೋಗಿರುತ್ತೆ. ಸರ್ಕಾರ ನಮ್ಮವರಿಗೆ ಮಂಜೂರು ಮಾಡಿದ ಜಮೀನು ಪರಭಾರೆ ಆಗದೇ ಇರಲಿ ಅಂತಲೇ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ತಡವಾಗಿ ಬಂದ್ರಿ ಅಂತ 2017ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನಮ್ಮವರ ಅರ್ಜಿಗಳು ಸಾಲುಸಾಲಾಗಿ ಬಿದ್ದುಹೋದ್ವು. ಹೋರಾಟ ಮಾಡಿ, ಧರಣಿ ಕೂತು, 2023ರಲ್ಲಿ ಕಾಲಮಿತಿ ಇಲ್ಲ ಅನ್ನೋ ತಿದ್ದುಪಡಿ ತರಿಸಿದ್ವಿ. ಇವತ್ತಿಗೂ ಆಫೀಸಿಗೆ ಬರೋ ಸೈಟು ಕೊಳ್ಳೋರ ಮೊದಲ ಪ್ರಶ್ನೆ, “ಇದು ಎಸ್‌ಸಿಯವರ ಗ್ರಾಂಟ್ ಜಮೀನಲ್ಲ ತಾನೇ?” ನಾನು ಟೈಪ್ ಮಾಡ್ತಾ ತಲೆ ಎತ್ತಲ್ಲ.

ಕ್ರಯಪತ್ರದ ಷೆಡ್ಯೂಲಿನಲ್ಲಿ ಹೆಸರಿದ್ದ ಜಾಗ ನಮ್ಮ ಕೈ ತಪ್ಪಿತು. ಆದೇಶದ ಷೆಡ್ಯೂಲಿನಲ್ಲಿರೋ ಹೆಸರು ಇನ್ನೂ ಉಳಿದಿದೆ. ಪಟ್ಟಿಗೆ ನಾಚಿಕೆಪಟ್ಟು ನಾವೇ ಬಿಟ್ಟುಕೊಟ್ರೆ, ಅವತ್ತು ಲೋಥಿಯನ್ ಸಮಿತಿ ಮುಂದೆ ನಮ್ಮಲ್ಲಿ ಅಸ್ಪೃಶ್ಯರೇ ಇಲ್ಲ ಅಂದವರ ಮಾತನ್ನ ಇವತ್ತು ನಾವೇ ನಿಜ ಮಾಡಿದ ಹಾಗೆ.

ಮಗಳಿಗೆ ನಿನ್ನೆ ಇಷ್ಟನ್ನೂ ಹೇಳಿದೆ. ಷೆಡ್ಯೂಲ್ ಅಂದ್ರೆ ಪಟ್ಟಿ ಕಣವ್ವ. ಯಾರಿಗೆ ನೀರು, ಗುಡಿ, ಸ್ಕೂಲು, ರಸ್ತೆ ಕೊಡಲಿಲ್ಲವೋ ಅವರ ಪಟ್ಟಿ. ಅವರಿಗೆ ಏನು ಬಾಕಿ ಇದೆ ಅಂತ ದೇಶ ಬರೆದಿಟ್ಟುಕೊಂಡ ಚೀಟಿ ಅಂದೆ. ಅವಳು ಸ್ವಲ್ಪ ಯೋಚನೆ ಮಾಡಿ, “ಹಂಗಾದ್ರೆ ನಾವು ಸಾಲ ಕೊಟ್ಟೋರಾ?” ಅಂದಳು.

ಹೌದು ಕಣವ್ವ ಅಂದೆ.

ಅರ್ಜಿಯ ಆ ಕಾಲಂ ಅವಳೇ ತುಂಬಿದಳು. ಬರೀತಾ ಬಾಯಲ್ಲಿ ‘ಸೆಡೂಲ್’ ಅಂತ ತಾತನ ಥರ ಹೇಳಿ ನಕ್ಕಳು. ಈ ಸಲ ನಾನು ತಿದ್ದಲಿಲ್ಲ.

ನಿಮ್ಮ ಮನೆಯಲ್ಲಿ ಹಿರಿಯರು ಈ ಪದನ ಹೆಂಗೆ ಹೇಳ್ತಿದ್ರು? ಕಾಮೆಂಟಿನಲ್ಲಿ ಬರೀರಿ. ನಿಮ್ಮ ಹಳೇ ಜಮೀನು ಪತ್ರ ಏನಾದ್ರೂ ಇದ್ರೆ ಅದರ ಕೊನೇ ಪುಟ, ಆ ಚಕ್ಕುಬಂದಿ, ಒಂದು ಸಲ ಓದಿ ನೋಡಿ.

ಜೈ ಭೀಮ್.